ಪ್ಲಸ್ ಆರ್, ಮೈನಸ್ ಆರ್ ಮತ್ತು ರಾತ್ರಿ ಶಾಲೆಯ ಹದಿನಾಲ್ಕು ಕ್ಯಾಸೆಟ್‌ಗಳು

2004ರ ಜೂನ್ ತಿಂಗಳ ಒಂದು ಭಾನುವಾರ, ಊಟದ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ, ಕುರ್ಲಾದ ಒಂದು ಉಡುಪಿ ಹೋಟೆಲಿನ ಮಾಳಿಗೆಯಲ್ಲಿ ನಮ್ಮ ಹಳೆ ವಿದ್ಯಾರ್ಥಿ ಸಂಘದ ಸಭೆ ಸೇರಿತು. ನಾವೆಲ್ಲ ಮುಂಬಯಿಯ ಫೋರ್ಟ್ ಭಾಗದ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಕಚೇರಿಗಳ ಕ್ಯಾಂಟೀನಿನಲ್ಲಿ ಚಹಾ ಹಂಚಿ, ಸಂಜೆ ಪುಸ್ತಕ ಹಿಡಿದವರು. ಸಭೆಯ ನಡುವೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರಲ್ಲಿ 1986ರಿಂದ 1999ರವರೆಗಿನ ವಾರ್ಷಿಕೋತ್ಸವದ ನಾಟಕಗಳು, ವರ್ಷಕ್ಕೊಂದರಂತೆ ಹದಿನಾಲ್ಕು ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಇದ್ದವು. ಎರಡು ಕ್ಯಾಸೆಟ್‌ಗಳ ಕಿಂಡಿಯಲ್ಲಿ ಇಣುಕಿದರೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಸ್ಟು ಕಾಣುತ್ತಿತ್ತು. ಮುಂಬಯಿಯ ಇನ್ನೊಂದು ಮಳೆಗಾಲವನ್ನು ಅವು ತಾಳುವಂತಿರಲಿಲ್ಲ.

ಎಲ್ಲವನ್ನೂ ಡಿವಿಡಿಗೆ ಇಳಿಸಬೇಕು, ನಟಿಸಿದವರ ಮನೆಮನೆಗೂ ಪ್ರತಿ ತಲುಪಿಸಬೇಕು ಎಂದು ಒಮ್ಮತವಾಯಿತು. ಯಾರಿಗೆ ಯಾವ ವರ್ಷದ ನಾಟಕ ಬೇಕೆಂದು ಬರೆದುಕೊಂಡಾಗ ಒಟ್ಟು 118 ಪ್ರತಿಗಳ ಲೆಕ್ಕ ಬಂತು. ಕೆಲವು ಡೊಂಬಿವಿಲಿಗೆ, ಕೆಲವು ಕಾರ್ಕಳ, ಕುಂದಾಪುರಗಳ ಮನೆಗಳಿಗೆ, ಮೂರು ಶಾರ್ಜಾಕ್ಕೆ. ಕೈಯಲ್ಲಿದ್ದ ಹಣ ಹದಿನೈದು ಸಾವಿರ ರೂಪಾಯಿ. ಅದರಲ್ಲೇ ಡಿವಿಡಿ ರೈಟರ್, ಕ್ಯಾಸೆಟ್‌ನ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಕಾರ್ಡು, ಖಾಲಿ ಡಿಸ್ಕ್‌ಗಳು ಎಲ್ಲವೂ ಬರಬೇಕು. ನಾನು ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ ಎಂಬ ಒಂದೇ ಕಾರಣಕ್ಕೆ ಕೆಲಸ ನನ್ನ ಪಾಲಿಗೆ ಬಂತು. ಹೋಟೆಲಿನ ಮಾಲೀಕರೂ ನಮ್ಮ ಅಧ್ಯಕ್ಷರೂ ಆದವರು ಶಾಲೆಯಲ್ಲಿ ನನಗಿಂತ ಮೂರು ವರ್ಷ ಮುಂದಿದ್ದವರು. "ನೀನೇ ನೋಡಿ ತೀರ್ಮಾನಿಸು. ಆದರೆ ಊರಿನ ಮನೆಯಲ್ಲಿ ಹಾಕಿದರೆ ನಾಟಕ ಕಾಣಿಸಬೇಕು, ಅಷ್ಟೇ," ಎಂದರು. ಆ ಮಾತಿನ ತೂಕ ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು.

ಅಂಗಡಿಯಲ್ಲಿ ಎದುರಾದ ಗೊಂದಲ

ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದವನಿಗೆ ಮೊದಲು ಕಂಡದ್ದು ಹೆಸರುಗಳ ರಾಶಿ. ಡಿವಿಡಿ ಮೈನಸ್ ಆರ್, ಪ್ಲಸ್ ಆರ್, ಮೈನಸ್ ಆರ್‌ಡಬ್ಲ್ಯು, ಪ್ಲಸ್ ಆರ್‌ಡಬ್ಲ್ಯು, ರ್‍ಯಾಮ್. ಡಿಸ್ಕ್‌ಗಳು ನೋಡಲು ಒಂದೇ ಥರ, ಹಿಡಿಸುವುದೂ ಹೆಚ್ಚುಕಡಿಮೆ ಒಂದೇ, 4.7 ಗಿಗಾಬೈಟ್. ಆರ್ ಎಂದರೆ ಒಂದೇ ಸಲ ಬರೆಯಬಹುದಾದದ್ದು, ಆರ್‌ಡಬ್ಲ್ಯು ಎಂದರೆ ಮತ್ತೆ ಮತ್ತೆ ಬರೆಯಬಹುದಾದದ್ದು. ಇಷ್ಟು ಹೆಸರುಗಳು ಯಾಕೆ ಎಂಬುದಕ್ಕೆ ಉತ್ತರ ಕಂಪನಿಗಳ ಜಗಳದಲ್ಲಿತ್ತು. ಡಿವಿಡಿಯ ಮೂಲ ನಿಯಮಗಳನ್ನು ರೂಪಿಸಿದ ಡಿವಿಡಿ ಫೋರಂ ಒಪ್ಪಿದ್ದು ಮೈನಸ್ ಕುಟುಂಬವನ್ನು ಮತ್ತು ರ್‍ಯಾಮನ್ನು. ಪಯನೀರ್ ಕಂಪನಿ 1997ರಲ್ಲಿ ಮೊದಲ ಮೈನಸ್ ಆರ್ ರೈಟರ್ ತಂದಿತು. ಫಿಲಿಪ್ಸ್, ಸೋನಿ, ಎಚ್‌ಪಿ, ರಿಕೋ ಮುಂತಾದವರು ಸೇರಿ ಕಟ್ಟಿಕೊಂಡ ಇನ್ನೊಂದು ಕೂಟ 2001ರಲ್ಲಿ ಪ್ಲಸ್ ಆರ್‌ಡಬ್ಲ್ಯುವನ್ನೂ, 2002ರಲ್ಲಿ ಪ್ಲಸ್ ಆರ್ ಅನ್ನೂ ಮಾರುಕಟ್ಟೆಗೆ ಬಿಟ್ಟಿತು. 2002ರ ಕೊನೆಗೆ ಸೋನಿಯೇ ಎರಡೂ ಬಗೆಯನ್ನು ಬರೆಯುವ ರೈಟರ್ ತಂದ ಮೇಲೆ ಜಗಳದ ಬಿಸಿ ಆರತೊಡಗಿತು.

ಆದರೂ 2004ರಲ್ಲಿ ಅಂಗಡಿಯವನು ನನ್ನ ಮುಂದಿಟ್ಟದ್ದು ಮೂರು ಪೆಟ್ಟಿಗೆ. ಒಂದು ಬರಿಯ ಪ್ಲಸ್ ಬರೆಯುವ ಹಳೆಯ ದಾಸ್ತಾನು, ಬೆಲೆ ಬಹಳ ಕಡಿಮೆ. ಇನ್ನೊಂದು ಎರಡನ್ನೂ ಡಿವಿಡಿಯ ಮೂಲ ವೇಗದ 8 ಪಟ್ಟಿನಲ್ಲಿ ಬರೆಯುವಂಥದು. ಮೂರನೆಯದು ಆಗತಾನೇ ಬಂದಿದ್ದ ಎರಡು ಪದರದ ಪ್ಲಸ್ ಆರ್ ಡಿಸ್ಕ್‌ಗಳನ್ನೂ ಬರೆಯುವ ರೈಟರ್. ಒಂದೇ ಡಿಸ್ಕಿನಲ್ಲಿ 8.5 ಗಿಗಾಬೈಟ್ ಹಿಡಿಸುತ್ತದೆ ಎಂದು ಅಂಗಡಿಯವನು ಅದನ್ನೇ ಮುಂದೆ ತಳ್ಳುತ್ತಿದ್ದ.

ಮೊದಲನೆಯದನ್ನು ಕೊಳ್ಳದೆ ಉಳಿದದ್ದು ಕಚೇರಿಯ ಗೆಳೆಯನೊಬ್ಬನ ಅನುಭವದಿಂದ. ಅವನು 2001ರಲ್ಲಿ ದುಬಾರಿ ಬೆಲೆ ಕೊಟ್ಟು ಮೊದಲ ತಲೆಮಾರಿನ ಪ್ಲಸ್ ಆರ್‌ಡಬ್ಲ್ಯು ರೈಟರ್ ತರಿಸಿದ್ದ. ಮರುವರ್ಷ ಅಗ್ಗದ ಪ್ಲಸ್ ಆರ್ ಡಿಸ್ಕ್‌ಗಳು ಬಂದಾಗ ಆ ಯಂತ್ರ ಅವುಗಳನ್ನು ಬರೆಯಲು ಒಪ್ಪಲೇ ಇಲ್ಲ. ಒಂದೇ ಕುಟುಂಬದ ಡಿಸ್ಕ್ ಅದೇ ಕುಟುಂಬದ ಯಂತ್ರಕ್ಕೆ ಒಗ್ಗಲಿಲ್ಲ. ತಪ್ಪು ಗೆಳೆಯನದಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಸರಿಹೋಗುತ್ತದೆ ಎಂದು ಅವನನ್ನು ನಂಬಿಸಿದ್ದರು. ಆ ಸಿಟ್ಟು ನನಗೆ ಇಂದಿಗೂ ಇದೆ.

ಎರಡು ಪದರದ ಆಸೆಯನ್ನು ಬಿಡಿಸಿದ್ದು ಒಂದು ಸಣ್ಣ ಲೆಕ್ಕ. ವಿಎಚ್‌ಎಸ್ ಟೇಪಿನ ಚಿತ್ರದಲ್ಲಿ ಅಡ್ಡಕ್ಕೆ ಇರುವ ವಿವರವೇ ಕಡಿಮೆ. ಡಿವಿಡಿಯ ನಿಯಮದಲ್ಲಿ 720ಕ್ಕೆ 576 ಚುಕ್ಕಿಗಳ ಪೂರ್ಣ ಚಿತ್ರದ ಜೊತೆಗೆ 352ಕ್ಕೆ 576ರ ಅರ್ಧ ಅಗಲದ ಚಿತ್ರಕ್ಕೂ ಅವಕಾಶವಿದೆ. ಅರ್ಧ ಅಗಲದಲ್ಲಿ ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಕೊಟ್ಟರೆ ನಮ್ಮ ಟೇಪಿನಲ್ಲಿದ್ದುದೆಲ್ಲ ಬರುತ್ತದೆ, ಮೂರು ಗಂಟೆಯ ಒಂದು ಕ್ಯಾಸೆಟ್ ಒಂದು ಮಾಮೂಲಿ ಡಿಸ್ಕಿನಲ್ಲಿ ಕೂರುತ್ತದೆ. ಎರಡು ಪದರದ ಡಿಸ್ಕ್ ಆಗ 2.4 ಪಟ್ಟು ವೇಗದಲ್ಲಿ ಮುಕ್ಕಾಲು ಗಂಟೆ ತಿನ್ನುತ್ತಿತ್ತು, ಬೆಲೆಯೂ ಕೈಗೆಟುಕುವಂತಿರಲಿಲ್ಲ. ಲಕ್ಷ ಸಲ ಅಳಿಸಿ ಬರೆಯಬಹುದಾದ ರ್‍ಯಾಮ್ ಡಿಸ್ಕ್ ಕಚೇರಿಯ ಕಡತಗಳಿಗೆ ಹೇಳಿಮಾಡಿಸಿದ್ದು. ಆದರೆ ಮನೆಯ ಸಾಮಾನ್ಯ ಪ್ಲೇಯರುಗಳು ಅದನ್ನು ಓದುವುದೇ ಅಪರೂಪ. ಹೀಗೆ ಉಳಿದದ್ದು ಪ್ಲಸ್ ಅಥವಾ ಮೈನಸ್.

ಪ್ಲಸ್ ಮೈನಸ್‌ಗಳ ಒಳಗುಟ್ಟು

ಎರಡೂ ಡಿಸ್ಕ್‌ಗಳಲ್ಲಿ ಸುರುಳಿಯಾಗಿ ಸಾಗುವ ಒಂದು ಗಾಡಿಜಾಡಿನಂಥ ತೋಡು ಇರುತ್ತದೆ. ಬರೆಯುವ ಲೇಸರ್ ಕಿರಣ ಆ ಜಾಡಿನಲ್ಲೇ ಹೋಗಬೇಕು, ತಾನು ಎಲ್ಲಿದ್ದೇನೆ ಎಂಬುದು ಪ್ರತಿ ಕ್ಷಣ ತಿಳಿದಿರಬೇಕು. ಮೈನಸ್‌ನಲ್ಲಿ ಜಾಡುಗಳ ನಡುವಿನ ದಿಬ್ಬದ ಮೇಲೆ ಸಣ್ಣ ಗುಳಿಗಳನ್ನು ಕಾರ್ಖಾನೆಯಲ್ಲೇ ಒತ್ತಿರುತ್ತಾರೆ. ಅವು ರಸ್ತೆಬದಿಯ ಮೈಲಿಗಲ್ಲುಗಳಂತೆ ಸ್ಥಾನ ತಿಳಿಸುತ್ತವೆ. ಪ್ಲಸ್‌ನಲ್ಲಿ ಮೈಲಿಗಲ್ಲು ಇಲ್ಲ, ಜಾಡಿನ ನವಿರಾದ ಬಳುಕಿನಲ್ಲೇ ವಿಳಾಸ ಅಡಗಿರುತ್ತದೆ. ಆ ಬಳುಕಿನ ಸ್ಪಂದನವೂ ಪ್ಲಸ್‌ನಲ್ಲಿ ಹೆಚ್ಚು, ಸುಮಾರು 817 ಕಿಲೋಹರ್ಟ್ಸ್. ಮೈನಸ್‌ನಲ್ಲಿ ಸುಮಾರು 140. ಬರೆಯುವ ಯಂತ್ರಕ್ಕೆ ಪ್ಲಸ್‌ನ ಏರ್ಪಾಡು ಹೆಚ್ಚು ಅನುಕೂಲ ಎಂದು ತಿಳಿದವರು ಹೇಳುತ್ತಿದ್ದರು, ಅದು ನನಗೂ ಒಪ್ಪಿಗೆಯಾಗಿತ್ತು. ಒಂದೆರಡು ದಿನ ನಾನು ಪ್ಲಸ್‌ನ ಕಡೆಗೇ ವಾಲಿದ್ದೆ.

ಆಗ ಅಧ್ಯಕ್ಷರ ಮಾತು ನೆನಪಾಯಿತು. ಬರೆಯುವುದು ಡೊಂಬಿವಿಲಿಯ ನನ್ನ ಕೋಣೆಯಲ್ಲಿ, ಒಂದು ಸಲ. ಓದುವುದು ಮೂವತ್ತು ಮನೆಗಳಲ್ಲಿ, ಮೂವತ್ತು ಬಗೆಯ ಪ್ಲೇಯರುಗಳಲ್ಲಿ, ವರ್ಷಗಟ್ಟಲೆ. ನಾನು ರೈಟರನ್ನು ಪರೀಕ್ಷಿಸುತ್ತಾ ಕೂತಿದ್ದೆ, ಪರೀಕ್ಷಿಸಬೇಕಾದದ್ದು ಆ ಪ್ಲೇಯರುಗಳನ್ನು.

ಏಳು ಮನೆಗಳು

ಗೆಳೆಯನೊಬ್ಬ ಹೊಸದಾಗಿ ಕೊಂಡಿದ್ದ ಎರಡೂ ಬಗೆಯ ರೈಟರನ್ನು ಎರಡು ದಿನಕ್ಕೆ ಕೇಳಿ ತಂದೆ. 1991ರ ನಾಟಕದ ಹತ್ತು ನಿಮಿಷದ ತುಣುಕನ್ನು ಮೈನಸ್ ಆರ್, ಪ್ಲಸ್ ಆರ್ ಮತ್ತು ಎರಡೂ ಬಗೆಯ ಆರ್‌ಡಬ್ಲ್ಯುಗಳಿಗೆ ಬರೆದು, ಎಲ್ಲವನ್ನೂ ಫೈನಲೈಜ್ ಮಾಡಿ, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರಹವನ್ನು ಮುಗಿಸಿ, ಬ್ಯಾಗಿನಲ್ಲಿ ಹಾಕಿಕೊಂಡು ಮಳೆಯಲ್ಲಿ ಸುತ್ತಿದೆ. ಹೊಸ ಅಗ್ಗದ ಚೀನೀ ಪ್ಲೇಯರುಗಳು ನಾಲ್ಕು ಡಿಸ್ಕ್‌ಗಳನ್ನೂ ತಕರಾರಿಲ್ಲದೆ ನುಂಗಿದವು. ಹಳೆಯ, ಒಳ್ಳೆಯ ಹೆಸರಿನ, ಗಲ್ಫಿನಿಂದ ತಂದ ದುಬಾರಿ ಪ್ಲೇಯರುಗಳೇ ಹಟ ಹಿಡಿದವು. ಆರ್‌ಡಬ್ಲ್ಯು ಡಿಸ್ಕ್ ಬೆಳಕನ್ನು ಪ್ರತಿಫಲಿಸುವುದು ಶೇಕಡ 18ರಿಂದ 30ರಷ್ಟು. ಸಿನಿಮಾ ಡಿವಿಡಿಯಂತೆ ಕಾರ್ಖಾನೆಯಲ್ಲೇ ಅಚ್ಚೊತ್ತಿದ ಒಂದು ಪದರದ ಡಿಸ್ಕಿನಲ್ಲಿ ಅದು ಶೇಕಡ 45ಕ್ಕಿಂತ ಮೇಲೆ. ಹಳೆಯ ಪ್ಲೇಯರು ಮಂದ ಡಿಸ್ಕನ್ನು ಕಂಡು ಎರಡು ಪದರದ್ದೆಂದು ಬಗೆದು ಇಲ್ಲದ ಪದರವನ್ನು ಹುಡುಕುತ್ತದೆ. ಹಾಗಾಗಿ ಹಂಚಿಕೆಗೆ ಆರ್‌ಡಬ್ಲ್ಯು ಬೇಡವೆಂದು ಮೂರನೆಯ ಮನೆಯಲ್ಲೇ ತೀರ್ಮಾನವಾಯಿತು.

ಏಳನೆಯ ಮನೆ ಮಾಟುಂಗಾದಲ್ಲಿ, ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರದು. ಹದಿನಾಲ್ಕು ನಾಟಕಗಳನ್ನೂ ಆಡಿಸಿದವರು ಅವರೇ. ದುಬೈಯಲ್ಲಿದ್ದ ಮಗ 1999ರಲ್ಲಿ ತಂದುಕೊಟ್ಟ ಪ್ಲೇಯರಿನ ಮೇಲೆ ಕ್ರೋಶಾದ ಬಟ್ಟೆ ಹೊದಿಸಿಟ್ಟಿದ್ದರು. ಬಟ್ಟೆ ಮಡಿಸಿ, ಕನ್ನಡಕ ಹಾಕಿಕೊಂಡು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಮೈನಸ್ ಆರ್ ಹಾಕಿದೆ. ಟ್ರೇ ಒಳಗೆ ಹೋಯಿತು, ಡಿಸ್ಕ್ ತಿರುಗಿತು, ಲೆನ್ಸ್ ಮೂರು ಸಲ ಟಕ್ ಟಕ್ ಎಂದು ಮೇಲೆ ಕೆಳಗೆ ಆಡಿತು. ನೀಲಿ ಪರದೆಯ ಮೇಲೆ 'ನೋ ಡಿಸ್ಕ್' ಎಂದು ಬಂತು. ಪ್ಲಸ್ ಆರ್ ಹಾಕಿದರೂ ಅದೇ. ಮಾಸ್ತರರು ಕೇಳಿದರು: "ಇಲ್ಲಿ ಕೈಯಲ್ಲಿ ಹಿಡಿದಿದ್ದೀಯಲ್ಲ, ಅದು ಇಲ್ಲವೇ ಇಲ್ಲ ಎನ್ನುತ್ತದಲ್ಲ ಯಂತ್ರ?"

ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಈ ಇಡೀ ಪ್ರಕರಣದ ಕೀಲಿ ಸಿಕ್ಕಿದ್ದು. ಪ್ರತಿ ಡಿವಿಡಿಯ ಒಳ ಅಂಚಿನಲ್ಲಿ, ಚಿತ್ರ ಶುರುವಾಗುವುದಕ್ಕೆ ಮುಂಚೆ, ಈ ಡಿಸ್ಕ್ ಯಾವ ಜಾತಿಯದು ಎಂದು ಹೇಳುವ ನಾಲ್ಕು ಬಿಟ್‌ಗಳ ಒಂದು ಗುರುತು ಇರುತ್ತದೆ. ಅಚ್ಚೊತ್ತಿದ ಡಿವಿಡಿಗೆ 0000, ಮೈನಸ್ ಆರ್‌ಗೆ 0010, ಪ್ಲಸ್ ಆರ್‌ಗೆ 1010. ಹಳೆಯ ಪ್ಲೇಯರು ತನಗೆ ಗೊತ್ತಿಲ್ಲದ ಗುರುತು ಕಂಡರೆ ಮುಂದಕ್ಕೆ ಓದುವ ಗೋಜಿಗೇ ಹೋಗುವುದಿಲ್ಲ. ಮೈನಸ್ ಡಿಸ್ಕಿನ ಗುರುತನ್ನು ನಾವು ಬದಲಿಸುವಂತಿಲ್ಲ. ಪ್ಲಸ್ ಡಿಸ್ಕಿನಲ್ಲಿ, ರೈಟರಿಗೆ ಆ ಸಾಮರ್ಥ್ಯವಿದ್ದರೆ, ಬರೆಯುವಾಗಲೇ 0000 ಎಂದು ನಮೂದಿಸಬಹುದು. ಎಲ್ಲ ರೈಟರುಗಳಿಗೂ ಇದು ಬರುವುದಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಗೆಳೆಯನ ರೈಟರಿಗೆ ಬರುತ್ತಿತ್ತು.

ಎರಡು ದಿನ ಬಿಟ್ಟು ಮತ್ತೆ ಮಾಟುಂಗಾಕ್ಕೆ ಹೋದೆ. ಗುರುತು ಬದಲಿಸಿದ ಪ್ಲಸ್ ಆರ್ ಒಳಗೆ ಹೋಯಿತು. ಟಕ್ ಎಂಬ ಸದ್ದು ಒಂದೇ ಸಲ. ಪರದೆಯ ಮೇಲೆ ಕಟ್ಟಿಗೆಯ ಗದೆ ಹಿಡಿದ ಒಬ್ಬ ತೆಳ್ಳನೆಯ ಹುಡುಗ ಬಂದು ನಿಂತ. ಮಾಸ್ತರರು ಚಿತ್ರ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಮಾತು ಕೇಳುತ್ತಿದ್ದರು. "ತುಳು ಮನೆಮಾತಿನ ಹುಡುಗ. ಮಹಾಪ್ರಾಣ ಬರುತ್ತಲೇ ಇರಲಿಲ್ಲ. 'ದರ್ಮ' ಎನ್ನುತ್ತಿದ್ದವನ ಬಾಯಲ್ಲಿ 'ಧರ್ಮ' ಎನ್ನಿಸಲು ಆರು ವಾರ ಬೇಕಾಯಿತು. ಅದು ಕೊನೆಯ ಅಂಕದಲ್ಲಿ ಬರುತ್ತದೆ, ಇದರಲ್ಲಿ ಇದೆಯೇ?" ಎಂದರು. ಇದು ಹತ್ತು ನಿಮಿಷದ ತುಣುಕು, ಪೂರ್ತಿ ನಾಟಕ ತಂದುಕೊಡುತ್ತೇನೆ ಎಂದೆ. ಗದೆ ಹಿಡಿದಿದ್ದ ಆ ಹುಡುಗ ಈಗ ಕುರ್ಲಾದ ಹೋಟೆಲಿನ ಗಲ್ಲೆಯಲ್ಲಿ ಕೂರುವ ನಮ್ಮ ಅಧ್ಯಕ್ಷರು.

ತೀರ್ಮಾನ ಮತ್ತು ಅದರಲ್ಲಿದ್ದ ಎರಡು ತಪ್ಪು

ಎರಡೂ ಬಗೆಯನ್ನು 8 ಪಟ್ಟು ವೇಗದಲ್ಲಿ ಬರೆಯುವ, ಗುರುತು ಬದಲಿಸಲು ಬರುವ ರೈಟರನ್ನೇ ಕೊಂಡೆವು. ಇದಕ್ಕಾಗಿ ಮೂರು ಅಂಗಡಿ ತಿರುಗಿ, ಗೆಳೆಯನ ಬಳಿಯಿದ್ದ ಮಾದರಿಯ ಸಂಖ್ಯೆಯನ್ನೇ ಚೀಟಿಯಲ್ಲಿ ಬರೆದುಕೊಂಡು ಕೇಳಬೇಕಾಯಿತು. ಏಳು ಮನೆಗಳಲ್ಲಿ ಮೈನಸ್ ಆರ್ ಆರರಲ್ಲಿ ಓಡಿತ್ತು, ಗುರುತು ಬದಲಿಸದ ಪ್ಲಸ್ ಆರ್ ನಾಲ್ಕರಲ್ಲಿ. ಮೈನಸ್ ಡಿಸ್ಕ್‌ಗಳ ಬೆಲೆಯೂ ಕಡಿಮೆ, ಎಲ್ಲ ಅಂಗಡಿಗಳಲ್ಲೂ ಸಿಗುತ್ತಿದ್ದವು. ಹಾಗಾಗಿ ಹೆಚ್ಚಿನ ಪ್ರತಿಗಳು ಮೈನಸ್ ಆರ್. ಸಂಘದ ಮೂಲ ಪ್ರತಿಗಳು ಮತ್ತು ಹಳೆಯ ಪ್ಲೇಯರಿರುವ ಮನೆಗಳ ಪ್ರತಿಗಳು ಗುರುತು ಬದಲಿಸಿದ ಪ್ಲಸ್ ಆರ್. ಪರೀಕ್ಷೆಗೆಂದು ಎರಡು ಪ್ಲಸ್ ಆರ್‌ಡಬ್ಲ್ಯು. ಅವುಗಳನ್ನು ಅಳಿಸುವ ಕೆಲಸವಿಲ್ಲ, ಹಳೆಯದರ ಮೇಲೆಯೇ ಬರೆಯಬಹುದು. ಮೆನು ಸರಿಯಿದೆಯೇ, ಧ್ವನಿ ಚಿತ್ರಕ್ಕಿಂತ ಹಿಂದೆ ಬಿದ್ದಿದೆಯೇ ಎಂದು ನೋಡಲು ಅವೆರಡೇ ಹತ್ತಾರು ಸಲ ಬಳಕೆಯಾದವು.

ಬರೆದದ್ದು 4 ಪಟ್ಟು ವೇಗದಲ್ಲಿ, ಡಿಸ್ಕಿಗೆ ಕಾಲು ಗಂಟೆ. ಬರೆದ ಮೇಲೆ ಪ್ರತಿಯೊಂದನ್ನೂ ಪೂರ್ತಿ ಓದಿಸಿ ತಾಳೆ ನೋಡಿದೆ. 1994ರ ನಾಟಕದಲ್ಲಿ ಒಂದು ಎಡವಟ್ಟಾಯಿತು. ಮೈನಸ್ ಆರ್‌ಗೆ ಅಂಚಿನವರೆಗೂ ತುಂಬಿಸಿದ್ದ ಕಡತ ಪ್ಲಸ್ ಆರ್‌ನಲ್ಲಿ ಕೂರಲಿಲ್ಲ. ಪ್ಲಸ್‌ನಲ್ಲಿ ಹಿಡಿಸುವುದು ಸುಮಾರು 7 ಮೆಗಾಬೈಟ್ ಕಡಿಮೆ. ಇಡೀ ನಾಟಕವನ್ನು ಮತ್ತೆ ಕುಗ್ಗಿಸಬೇಕಾಯಿತು, ಒಂದು ರಾತ್ರಿ ಹೋಯಿತು. ಎರಡರಲ್ಲೂ ಬರೆಯುವವರು ಪ್ಲಸ್‌ನ ಅಳತೆಗೇ ಕಡತ ಮಾಡಿಟ್ಟುಕೊಳ್ಳಬೇಕು.

ತಪ್ಪುಗಳು ಇವು. ಮೊದಲು ಕೊಂಡ ಡಿಸ್ಕ್‌ಗಳನ್ನು ಒಳ್ಳೆಯ ತಯಾರಕರದೇ ಆರಿಸಿದ್ದೆವು. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ, ಡಿಸ್ಕಿನಲ್ಲೇ ಒತ್ತಿರುವ ತಯಾರಕರ ಸಂಕೇತವನ್ನು ಸಾಫ್ಟ್‌ವೇರಿನಲ್ಲಿ ಓದಿ ನೋಡಿದ್ದೆ. ಆ ಕಾಲಕ್ಕೆ ನಮ್ಮ ನೋಯ್ಡಾದ ಮೋಸರ್ ಬೇಯರ್ ಕೂಡ ಖಾಲಿ ಡಿಸ್ಕ್‌ಗಳ ದೊಡ್ಡ ತಯಾರಕರಲ್ಲಿ ಒಂದಾಗಿತ್ತು, ಒಳ್ಳೆಯ ಸರಕು ಸಿಗುವುದು ಕಷ್ಟವೇನಿರಲಿಲ್ಲ. ಆದರೆ ಕೊನೆಗೆ ಹಣ ಮುಗಿದಾಗ ಹೆಸರೇ ಇಲ್ಲದ ಐವತ್ತರ ಒಂದು ಕಂತೆಯನ್ನು ರಸ್ತೆಬದಿಯಲ್ಲಿ ಕೊಂಡೆ. 1991ರ ನಾಟಕದ ಮನೆಮನೆಯ ಪ್ರತಿಗಳೆಲ್ಲ ಒಂದೇ ಸಂಜೆ ಆ ಕಂತೆಯಿಂದಲೇ ಆದವು. ಎರಡನೆಯ ತಪ್ಪು ಕಾಗದದ ಲೇಬಲ್. ಶಾಲೆಯ ಚಿತ್ರವಿರುವ ದುಂಡನೆಯ ಲೇಬಲನ್ನು ಪ್ರತಿ ಡಿಸ್ಕಿಗೂ ಅಂಟಿಸೋಣ ಎಂದು ಸಭೆ ಬಯಸಿತು, ನಾನು ಬೇಡವೆನ್ನಲಿಲ್ಲ. ಡಿವಿಡಿ ಎಂಬುದು 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು. ಒಂದು ಮೈಗೆ ಮಾತ್ರ ಕಾಗದ ಅಂಟಿಸಿದರೆ ಸೆಕೆ, ತೇವಗಳಿಗೆ ಕಾಗದ ಹಿಗ್ಗಿ ಕುಗ್ಗಿ ಡಿಸ್ಕ್ ಕೂದಲೆಳೆಯಷ್ಟು ಬಾಗುತ್ತದೆ. ಕರಾವಳಿಯ ಮಳೆಗಾಲ ಅದನ್ನು ಮಾಡದೆ ಬಿಡುವುದಿಲ್ಲ. ನನಗೆ ತಿಳಿದಿದ್ದೂ ಸುಮ್ಮನಿದ್ದೆ.

ಮಾಸ್ತರರೊಬ್ಬರು ಮಾತ್ರ ಲೇಬಲ್ ಬೇಡವೆಂದರು. ನಾಟಕದ ಹೆಸರನ್ನು ತಮ್ಮ ಕೈಯಾರೆ ಬರೆದುಕೊಳ್ಳುವುದಾಗಿ ಹೇಳಿ, ಬರಿಯ ಡಿಸ್ಕ್‌ಗಳನ್ನೇ ತೆಗೆದುಕೊಂಡರು.

ನೀರು ಬಂದ ಮೇಲೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕ್ಯಾಸೆಟ್‌ಗಳ ಪೆಟ್ಟಿಗೆ ಕಲೀನಾದಲ್ಲಿ ನಮ್ಮ ಸದಸ್ಯರೊಬ್ಬರ ನೆಲಮಹಡಿಯ ಕಪಾಟಿನಲ್ಲಿತ್ತು, ಸಂಘದ ಮೂಲ ಡಿಸ್ಕ್‌ಗಳೂ ಅದರ ಪಕ್ಕದಲ್ಲೇ ಇದ್ದವು. ನೀರು ಎದೆಮಟ್ಟ ನಿಂತು ಇಳಿದ ಮೇಲೆ, ಕೆಸರು ಎತ್ತಿಹಾಕಲು ಬಂದವರು ಎಲ್ಲವನ್ನೂ ಒಟ್ಟಿಗೆ ಎಸೆದರು. ಟೇಪು ಹೇಗೂ ಉಳಿಯುತ್ತಿರಲಿಲ್ಲ. ಡಿಸ್ಕ್‌ಗಳನ್ನು ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿದ್ದರೆ ಉಳಿಯುತ್ತಿದ್ದವು. ಮೂಲವನ್ನೂ ನಕಲನ್ನೂ ಒಂದೇ ಕಪಾಟಿನಲ್ಲಿಡಲು ಬಿಟ್ಟದ್ದು ಕೂಡ ನಮ್ಮದೇ ತಪ್ಪು. ಅಂದಿನಿಂದ ಶಾಲೆಯ ಹದಿನಾಲ್ಕು ವರ್ಷಗಳು ಉಳಿದದ್ದು ಮನೆಮನೆಗೆ ಹೋದ ಪ್ರತಿಗಳಲ್ಲಿ ಮಾತ್ರ.

2024ರಲ್ಲಿ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಸೇರಿಸಲು ಹೊರಟಾಗ ನಮ್ಮ ಕೈಗೆ ಬಂದದ್ದು 61 ಡಿಸ್ಕ್. ಈಗ ಪ್ಲಸ್ಸೋ ಮೈನಸ್ಸೋ ಎಂದು ಕೇಳುವವರೇ ಇಲ್ಲ, ಅಂದಿನ ಆ ರೈಟರೂ ಎಂದೋ ಕೆಟ್ಟು ಹೋಗಿತ್ತು. ಮೂರು ಬೇರೆಬೇರೆ ಡ್ರೈವ್‌ಗಳಲ್ಲಿ ಹಾಕಿ ನೋಡಿದೆ. ಒಂದರಲ್ಲಿ ಓದದ ಡಿಸ್ಕ್ ಇನ್ನೊಂದರಲ್ಲಿ ಓದಿದ್ದು ಹಲವು ಸಲ. ಒಳ್ಳೆಯ ತಯಾರಕರ ಡಿಸ್ಕ್‌ಗಳು, ಪ್ಲಸ್ ಆಗಲಿ ಮೈನಸ್ ಆಗಲಿ, ಬಹುಪಾಲು ಕೊನೆಯವರೆಗೂ ಓಡಿದವು. ಹೆಸರಿಲ್ಲದ ಕಂತೆಯವು, ಲೇಬಲ್ ಹೊತ್ತವು, ಒಳಗಿನಿಂದ ಹೊರಗೆ ಓದುತ್ತಾ ಹೋಗಿ ಅಂಚಿನ ಬಳಿ ನಿಂತುಬಿಡುತ್ತಿದ್ದವು. ಡಿವಿಡಿಯನ್ನು ಬರೆಯುವುದು ಒಳಗಿನಿಂದ ಹೊರಕ್ಕೆ. ಬಾಗಿದ ಡಿಸ್ಕ್ ಹೆಚ್ಚು ತೊನೆಯುವುದು ಹೊರ ಅಂಚಿನಲ್ಲಿ. ಅಂದರೆ ಪ್ರತಿ ಸಲವೂ ಕಳೆದುಹೋಗುತ್ತಿದ್ದುದು ನಾಟಕದ ಕೊನೆಯ ಅಂಕ.

1991ರ ಒಂಬತ್ತು ಪ್ರತಿಗಳು ಸಿಕ್ಕವು. ಒಂಬತ್ತೂ ಕೊನೆಯ ಹನ್ನೆರಡು ನಿಮಿಷಗಳ ಆಸುಪಾಸಿನಲ್ಲಿ ಚೌಕಚೌಕವಾಗಿ ಒಡೆದು ನಿಂತವು. ನಾನು ಕೊಂಡ ಕಂತೆ, ನಾನು ಬೇಡವೆನ್ನದ ಲೇಬಲ್. ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಮಾಸ್ತರರು 2016ರಲ್ಲಿ ತೀರಿಕೊಂಡಿದ್ದರು. ಅವರ ಮಗಳು ಮುಲುಂಡ್‌ನಲ್ಲಿದ್ದಾರೆಂದು ತಿಳಿದು ಹೋದೆ. "ಅಪ್ಪನ ಸಾಮಾನು ಯಾವುದನ್ನೂ ಬಿಸಾಡಿಲ್ಲ," ಎಂದು ಅವರು ಒಂದು ಬಿಸ್ಕತ್ತಿನ ಡಬ್ಬ ತಂದರು. ಒಳಗೆ ಕಾಗದದ ಲಕೋಟೆಗಳಲ್ಲಿ ಹದಿನಾಲ್ಕು ಡಿಸ್ಕ್, ನಡುವಿನ ಬಳೆಯಂಥ ಜಾಗದಲ್ಲಿ ಮಾತ್ರ ಮಾರ್ಕರಿನಿಂದ ದುಂಡಗೆ ಬರೆದ ಇಸವಿ. 1991ರ ಡಿಸ್ಕನ್ನು ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿದೆ. ನಕಲಾಗಲು ಹದಿನೇಳು ನಿಮಿಷ ಹಿಡಿಯಿತು, ಒಂದು ದೋಷವೂ ಬರಲಿಲ್ಲ.

ಆ ಸಂಜೆಯೇ ಕುರ್ಲಾಕ್ಕೆ ಹೋಗಿ ಗಲ್ಲೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೊನೆಯ ಅಂಕ ಹಾಕಿದೆ. ಅಧ್ಯಕ್ಷರು ಬಿಲ್ಲು ಕೊಡಲು ನಿಂತವರನ್ನು ಕೈಸನ್ನೆಯಲ್ಲೇ ತಡೆದು ಪರದೆಯತ್ತ ಬಾಗಿದರು. ತೆಳ್ಳನೆಯ ಹುಡುಗ ಗದೆ ಕೆಳಗಿಟ್ಟು, ಸಭೆಗೆ ಮುಖ ಮಾಡಿ, ಉಸಿರು ಎಳೆದುಕೊಂಡು 'ಧರ್ಮ' ಎಂದ. 'ಧ' ಸ್ಪಷ್ಟವಾಗಿ ಕೇಳಿಸಿತು.